ಗಾಡಿ ಉಳಿಯಿತು, ಕೈಪಿಡಿ ಎಲ್ಲಿ?

ಕಾರವಾರ: ಹಳೆಯ ವಾಹನವೊಂದನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ವರ್ಷದಿಂದ ವರ್ಷಕ್ಕೆ ದುಬಾರಿಯಾಗುತ್ತಿದೆ. 15 ವರ್ಷ ಮೀರಿದ ಕಾರಿನ ನೋಂದಣಿ ನವೀಕರಣಕ್ಕೆ ಒಂದು ಕಾಲದಲ್ಲಿ 600 ರೂಪಾಯಿ ಸಾಕಾಗುತ್ತಿತ್ತು. 2022ರ ಏಪ್ರಿಲ್ 1ರಿಂದ ಅದು 5,000 ರೂಪಾಯಿಗೆ ಏರಿತು. 2025ರ ಆಗಸ್ಟ್‌ನಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯವು 20 ವರ್ಷ ದಾಟಿದ ಲಘು ವಾಹನಗಳಿಗೆ 10,000 ರೂಪಾಯಿ, ಮೋಟಾರ್ ಸೈಕಲ್‌ಗಳಿಗೆ 2,000 ರೂಪಾಯಿ ಎಂದು ಶುಲ್ಕವನ್ನು ಮತ್ತೊಮ್ಮೆ ಹೆಚ್ಚಿಸಿತು. ಹಳೆಯ ಗಾಡಿಗಳು ಗುಜರಿಗೆ ಹೋಗಲಿ ಎಂಬುದೇ ಇದರ ಹಿಂದಿನ ಸ್ಪಷ್ಟ ಉದ್ದೇಶ.

ಇದೇ ಸರ್ಕಾರ ಇನ್ನೊಂದು ಬಾಗಿಲನ್ನೂ ತೆರೆದಿಟ್ಟಿದೆ. 2021ರ ಜುಲೈಯಲ್ಲಿ ಹೊರಬಿದ್ದ ನಿಯಮಗಳ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ಕಳೆದ ದ್ವಿಚಕ್ರ ಹಾಗೂ ನಾಲ್ಕು ಚಕ್ರದ ವಾಹನಗಳನ್ನು 'ವಿಂಟೇಜ್' ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ಮರು ನೋಂದಣಿಗೆ 5,000 ರೂಪಾಯಿ. ಇಂತಹ ವಾಹನವನ್ನು ದಿನನಿತ್ಯದ ಓಡಾಟಕ್ಕಾಗಲೀ ಬಾಡಿಗೆಗಾಗಲೀ ಬಳಸುವಂತಿಲ್ಲ. ಇವೆಲ್ಲಕ್ಕಿಂತ ಮುಖ್ಯವಾದ ಷರತ್ತು ಬೇರೊಂದಿದೆ. ವಾಹನವು ತನ್ನ ಮೂಲ ರೂಪದಲ್ಲಿಯೇ ಇರಬೇಕು. ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ಗಣನೀಯ ಮಾರ್ಪಾಡು ಆಗಿರಕೂಡದು.

ಪ್ರಶ್ನೆ ಉದ್ಭವಿಸುವುದು ಇಲ್ಲಿಯೇ. 'ಮೂಲ ರೂಪ' ಎಂದರೆ ಯಾವುದು? 1968ರಲ್ಲಿ ಕಾರ್ಖಾನೆಯಿಂದ ಹೊರಬಿದ್ದ ಕಾರಿನಲ್ಲಿ ಯಾವ ಕಾರ್ಬ್ಯುರೇಟರ್ ಇತ್ತು, ವೈರು ಯಾವ ದಾರಿಯಲ್ಲಿ ಹಾದುಹೋಗಿತ್ತು, ಆಸನದ ಚೌಕಟ್ಟನ್ನು ಎಷ್ಟು ಬೋಲ್ಟ್‌ಗಳು ಹಿಡಿದಿದ್ದವು ಎಂದು ಇಂದು ಹೇಳುವವರು ಯಾರು? ಮಾಲೀಕನ ನೆನಪು ಸಾಕ್ಷ್ಯವಾಗಲಾರದು. ಮೇಸ್ತ್ರಿಯ ಅನುಭವ ದೊಡ್ಡದಾದರೂ ಅದು ಅವನೊಂದಿಗೇ ಮುಗಿಯುವಂಥದು. ನಂಬಬಹುದಾದ ಸಾಕ್ಷ್ಯ ಒಂದೇ: ಆ ಗಾಡಿಯನ್ನು ಕಟ್ಟಿದ ಕಾರ್ಖಾನೆ ತಾನೇ ಮುದ್ರಿಸಿದ ಕೈಪಿಡಿ. ಗಾಡಿಗಳು ಅಲ್ಲೊಂದು ಇಲ್ಲೊಂದು ಉಳಿದಿವೆ. ಕೈಪಿಡಿಗಳು ಮಾತ್ರ ಕಣ್ಮರೆಯಾಗುತ್ತಿವೆ.

ನಾಲ್ಕು ಬಗೆಯ ಪುಸ್ತಕ

ಕಾರಿನ ಕೈಪಿಡಿ ಎಂದೊಡನೆ ಹೆಚ್ಚಿನವರಿಗೆ ನೆನಪಾಗುವುದು ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿರುವ ತೆಳುವಾದ ಪುಸ್ತಿಕೆ. ಅದು ಮಾಲೀಕನಿಗಾಗಿ ಬರೆದದ್ದು. ಎರಡನೆಯದು ದುರಸ್ತಿಗಾರರಿಗಾಗಿ ಸಿದ್ಧಪಡಿಸಿದ ವರ್ಕ್‌ಶಾಪ್ ಕೈಪಿಡಿ. ಯಾವ ಭಾಗವನ್ನು ಹೇಗೆ ಬಿಚ್ಚಬೇಕು, ಹೇಗೆ ಕೂಡಿಸಬೇಕು ಎಂಬುದು ಅದರಲ್ಲಿರುತ್ತದೆ. ಮೂರನೆಯದು ಬಿಡಿಭಾಗಗಳ ಕ್ಯಾಟಲಾಗ್. ಅಲ್ಲಿ ಪ್ರತಿ ತಿರುಪಿಗೂ ಒಂದು ಸಂಖ್ಯೆ.

ನಾಲ್ಕನೆಯದೇ ಜೋಡಣಾ ಕೈಪಿಡಿ. ಇದು ಮಾರಾಟಕ್ಕೆಂದು ಹುಟ್ಟಿದ್ದಲ್ಲ. ಕಾರ್ಖಾನೆಯ ಜೋಡಣಾ ಸಾಲಿನಲ್ಲಿ ನಿಂತ ಕಾರ್ಮಿಕನಿಗೆ, ಅವನ ಮೇಲ್ವಿಚಾರಕನಿಗೆ ದಾರಿ ತೋರಿಸಲು ಸಿದ್ಧಪಡಿಸಿದ ಹಾಳೆಗಳ ಕಟ್ಟು. ಒಂದೊಂದು ಹಾಳೆಯ ಮೇಲೂ ಭಾಗಗಳನ್ನು ಬಿಡಿಬಿಡಿಯಾಗಿ ಹರಡಿ ತೋರಿಸುವ ರೇಖಾಚಿತ್ರ, ಯಾವುದರ ನಂತರ ಯಾವುದು ಎಂಬ ಕ್ರಮ, ವಾಷರ್ ಬೋಲ್ಟಿನ ಯಾವ ಬದಿಗೆ ಬರಬೇಕು, ಕ್ಲಿಪ್ ಎಲ್ಲಿ ಕೂರಬೇಕು ಎಂಬ ಸೂಚನೆ. ವಿನ್ಯಾಸ ಬದಲಾದಾಗ ಹಳೆಯ ಹಾಳೆ ತೆಗೆದು ಹೊಸ ಹಾಳೆ ಸೇರಿಸಲಾಗುತ್ತಿತ್ತು. ಆದ್ದರಿಂದಲೇ ಒಂದೇ ಮಾದರಿಯ ಎರಡು ಕಾರುಗಳಿಗೆ ಎರಡು ಬೇರೆ ಹಾಳೆಗಳು ಅನ್ವಯಿಸುವುದುಂಟು.

ಗಾಡಿಯನ್ನು ಪೂರ್ತಿ ಬಿಚ್ಚಿ ಮರುಜೋಡಿಸುವವನಿಗೆ ಈ ಹಾಳೆಗಳ ಬೆಲೆ ಅಷ್ಟಿಷ್ಟಲ್ಲ. ವರ್ಕ್‌ಶಾಪ್ ಕೈಪಿಡಿ ಎಂಜಿನ್ ಬಗ್ಗೆ ಹೇಳುತ್ತದೆ. ಬಾಗಿಲಿನ ರಬ್ಬರ್ ಪಟ್ಟಿ ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯಬೇಕು ಎಂಬುದನ್ನು ಜೋಡಣಾ ಹಾಳೆ ಮಾತ್ರ ಹೇಳಬಲ್ಲದು. ಕರಾವಳಿಯಲ್ಲಿ ಇದು ಸಣ್ಣ ಮಾತಲ್ಲ. ಪಟ್ಟಿ ತಪ್ಪಿ ಕೂತರೆ ಒಂದೇ ಮಳೆಗಾಲದಲ್ಲಿ ನೀರು ಒಳಹೊಕ್ಕು ನೆಲದ ತಗಡು ತುಕ್ಕು ಹಿಡಿಯುತ್ತದೆ.

ಕರಾವಳಿಯ ಕಷ್ಟ

1956ರ ನವೆಂಬರ್ 1ರವರೆಗೆ ಉತ್ತರ ಕನ್ನಡ ಜಿಲ್ಲೆಯು ಮುಂಬಯಿ ಆಡಳಿತಕ್ಕೆ ಸೇರಿತ್ತು. ಕಾರವಾರದ ವ್ಯಾಪಾರ, ಉದ್ಯೋಗ, ಬಂಧುತ್ವ ಎಲ್ಲವೂ ಮುಂಬಯಿಯತ್ತ ಮುಖ ಮಾಡಿದ್ದವು. ಕಾಳಿ ನದಿಗೆ ಹೆದ್ದಾರಿ ಸೇತುವೆ ಬಂದದ್ದು 1983ರಲ್ಲಿ. ಆ ಸೇತುವೆಯೇ 2024ರ ಆಗಸ್ಟ್ 7ರ ನಸುಕಿನಲ್ಲಿ ಕುಸಿಯಿತು. ಕೊಂಕಣ ರೈಲು ಪೂರ್ಣ ಪ್ರಮಾಣದಲ್ಲಿ ಓಡತೊಡಗಿದ್ದು 1998ರಲ್ಲಿ. ಅಲ್ಲಿಯವರೆಗೆ ಈ ಭಾಗದ ಜನರಿಗೆ ರಸ್ತೆಯೇ ಗತಿ, ರಸ್ತೆಗೆ ಅಂಬಾಸಿಡರ್, ಫಿಯೆಟ್, ಜೀಪುಗಳೇ ಗತಿ.

ಅಂಕೋಲಾದಿಂದ ಯಲ್ಲಾಪುರದ ಕಡೆಗೆ ಹೊರಟರೆ ಅರಬೈಲು ಘಟ್ಟ ಎದುರಾಗುತ್ತದೆ. ಅಲ್ಲಿ ಇಳಿಯುವ ಗಾಡಿಯ ಬ್ರೇಕು ಸರಿಯಿದೆಯೇ ಇಲ್ಲವೇ ಎಂಬುದು ಜೀವದ ಪ್ರಶ್ನೆ. ಇಂತಹ ರಸ್ತೆಗಳಿಗೆ ಗಾಡಿಗಳನ್ನು ಸಜ್ಜುಗೊಳಿಸಿದವರು ಕಾರವಾರದಿಂದ ಅಂಕೋಲಾವರೆಗೆ ಹೆದ್ದಾರಿ ಬದಿಯಲ್ಲಿ ಗ್ಯಾರೇಜು ಇಟ್ಟವರು. ಹೆಚ್ಚಿನವರು ಪುಸ್ತಕ ಓದಿ ಕಲಿತವರಲ್ಲ. ಗುರುವಿನ ಕೈ ನೋಡಿ ಕಲಿತವರು. ಆ ಪೀಳಿಗೆ ಈಗ ವಯಸ್ಸಾಗಿ ಸ್ಪ್ಯಾನರ್ ಕೆಳಗಿಡುತ್ತಿದೆ. ಅವರ ಮಕ್ಕಳು ಕಲಿತದ್ದು ಕಂಪ್ಯೂಟರ್ ಜೋಡಿಸಿ ದೋಷ ಹುಡುಕುವ ಹೊಸ ಕಾರುಗಳ ವಿದ್ಯೆ. ನೆನಪಿನ ಸರಪಳಿ ಕಡಿಯುವ ಈ ಹೊತ್ತಿನಲ್ಲಿ ಕಾಗದದ ಅಗತ್ಯ ಹೆಚ್ಚಬೇಕಿತ್ತು. ಆಗುತ್ತಿರುವುದು ತದ್ವಿರುದ್ಧ.

ಕಾಗದಕ್ಕೆ ಕರಾವಳಿಯಷ್ಟು ದೊಡ್ಡ ಶತ್ರು ಇನ್ನೊಂದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆ, ಸಮುದ್ರದ ಉಪ್ಪು ಗಾಳಿ, ಗೆದ್ದಲು, ಬೂಷ್ಟು. ಗ್ರೀಸ್ ಹತ್ತಿದ ಹಾಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. 2019ರ ಆಗಸ್ಟ್ ಹಾಗೂ 2021ರ ಜುಲೈಯಲ್ಲಿ ಗಂಗಾವಳಿ, ಕಾಳಿ ನದಿಗಳು ಉಕ್ಕಿ ಹರಿದಾಗ ತೀರದ ಮನೆಗಳಲ್ಲಿ ಪಾತ್ರೆ ಪಗಡೆಗಳೇ ಉಳಿಯಲಿಲ್ಲ; ಅಟ್ಟದ ಮೇಲಿನ ಹಳೆಯ ಪುಸ್ತಕಗಳನ್ನು ಕೇಳುವವರಾರು? ಇಂತಹ ಕಡೆ ಕಾಗದವನ್ನು ಕಾಗದವಾಗಿಯೇ ಕಾಪಾಡುತ್ತೇವೆ ಎಂಬುದು ಭ್ರಮೆ. ಅದರ ಪ್ರತಿಬಿಂಬವನ್ನು ಗಣಕಯಂತ್ರಕ್ಕೆ ಏರಿಸಿ ಹಲವು ಕಡೆ ಇಡುವುದೊಂದೇ ಉಳಿದಿರುವ ದಾರಿ.

ಹೆಸರಿಗೆ ಬೆಲೆ, ವಿದ್ಯೆಗಿಲ್ಲ

ಕಾರ್ಖಾನೆಗಳನ್ನೇ ಕೇಳಬಾರದೇ ಎಂದು ಓದುಗರು ಕೇಳಬಹುದು. ಆದರೆ ಕೇಳಲು ಕಾರ್ಖಾನೆಗಳು ಉಳಿದಿರಬೇಕಲ್ಲ?

ಹಿಂದೂಸ್ತಾನ್ ಮೋಟಾರ್ಸ್ 1942ರಲ್ಲಿ ಸ್ಥಾಪನೆಯಾಗಿ ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ಅಂಬಾಸಿಡರ್ ತಯಾರಿಸುತ್ತಿತ್ತು. 2014ರ ಮೇ ತಿಂಗಳಲ್ಲಿ ಆ ಕೆಲಸ ನಿಂತಿತು. 2017ರಲ್ಲಿ ಅಂಬಾಸಿಡರ್ ಎಂಬ ಬ್ರಾಂಡನ್ನು ಫ್ರಾನ್ಸಿನ ಪ್ಯೂಜೊ ಸಂಸ್ಥೆಗೆ 80 ಕೋಟಿ ರೂಪಾಯಿಗೆ ಮಾರಲಾಯಿತು. ಫಿಯೆಟ್ 1100ರಿಂದ ಬೆಳೆದ ಪ್ರೀಮಿಯರ್ ಪದ್ಮಿನಿಯ ತಯಾರಿಕೆ ಅದಕ್ಕೂ ಒಂದು ದಶಕಕ್ಕಿಂತ ಹಿಂದೆಯೇ ಕೊನೆಗೊಂಡಿತ್ತು. ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರ್ 30ರಂದು ರಸ್ತೆ ಬಿಟ್ಟಿತು. ಮದರಾಸಿನ ಸ್ಟಾಂಡರ್ಡ್ ಸಂಸ್ಥೆಯ ಹೆರಾಲ್ಡ್ ಕಾರನ್ನು ಕಂಡವರೇ ಈಗ ವಿರಳ.

ನಮ್ಮ ರಾಜ್ಯದ ನಿದರ್ಶನ ಇನ್ನಷ್ಟು ಬೋಧಪ್ರದ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಚೆಕ್ ತಂತ್ರಜ್ಞಾನದ ಜಾವಾ ಮೋಟಾರ್ ಸೈಕಲ್‌ಗಳನ್ನು ತಯಾರಿಸತೊಡಗಿತು. ಮುಂದೆ ಅದೇ ಯೆಜ್ಡಿ ಆಯಿತು. 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೊಸ ಕಂಪನಿಯ ಮೂಲಕ ಮಾರುಕಟ್ಟೆಗೆ ಮರಳಿದವು. 'ಯೆಜ್ಡಿ' ಎಂಬ ಹೆಸರು ಯಾರದು ಎಂಬ ವಿವಾದ ಕರ್ನಾಟಕ ಹೈಕೋರ್ಟಿನ ಮೆಟ್ಟಿಲೇರಿತು. 2022ರ ಡಿಸೆಂಬರ್‌ನಲ್ಲಿ ಏಕಸದಸ್ಯ ಪೀಠ ತೀರ್ಪಿತ್ತಿತು. ಅದು ಮೇಲ್ಮನವಿಯ ಹಾದಿ ಹಿಡಿಯಿತು.

ಇಲ್ಲೊಂದು ವಿಪರ್ಯಾಸವಿದೆ. ಮುಚ್ಚಿದ ಕಂಪನಿಯ ಹೆಸರಿಗಾಗಿ ವರ್ಷಗಟ್ಟಲೆ ವ್ಯಾಜ್ಯ ನಡೆಯುತ್ತದೆ, ಹೆಸರಿಗೆ ಕೋಟಿಗಟ್ಟಲೆ ಬೆಲೆ ಕಟ್ಟಲಾಗುತ್ತದೆ. ಆ ಹೆಸರನ್ನು ಬೆಳೆಸಿದ ಕೈಗಳಿಗೆ ದಾರಿ ತೋರಿದ ಹಾಳೆಗಳಿಗೆ ಹಕ್ಕುದಾರರೂ ಇಲ್ಲ, ಕಾವಲುಗಾರರೂ ಇಲ್ಲ. ಮೈಸೂರಿನ ಆ ಬೈಕುಗಳ ಕೈಪಿಡಿಗಳು ಇಂದಿಗೂ ಉಳಿದಿದ್ದರೆ ಅದಕ್ಕೆ ಬಹುಮಟ್ಟಿಗೆ ಅಭಿಮಾನಿಗಳು ತಮ್ಮ ತಮ್ಮಲ್ಲೇ ಹಂಚಿಕೊಂಡ ಸ್ಕ್ಯಾನ್ ಪ್ರತಿಗಳೇ ಕಾರಣ.

ಹೊರದೇಶಗಳಲ್ಲಿ ಪರಿಸ್ಥಿತಿ ಬೇರೆ. ಅಮೆರಿಕದ ಜನರಲ್ ಮೋಟಾರ್ಸ್ ತನ್ನ ಹಳೆಯ ಮಾದರಿಗಳ ಮಾಹಿತಿ ಕಂತೆಗಳನ್ನು ಅಂತರಜಾಲದಲ್ಲಿ ಉಚಿತವಾಗಿ ಒದಗಿಸಿದೆ. ಅಲ್ಲಿನ ಹಳೆಯ ಷೆವ್ರೊಲೆ ಕಾರುಗಳ ಜೋಡಣಾ ಕೈಪಿಡಿಗಳ ಮರುಮುದ್ರಣವೇ ಒಂದು ವ್ಯಾಪಾರ. ಬ್ರಿಟನ್ನಿನ ಗೇಡನ್‌ನಲ್ಲಿರುವ ಮೋಟಾರ್ ವಸ್ತುಸಂಗ್ರಹಾಲಯವು ಮುಚ್ಚಿಹೋದ ಕಂಪನಿಗಳ ದಾಖಲೆಗಳನ್ನು ಕಾಪಿಟ್ಟು, ಕಾರೊಂದು ಕಾರ್ಖಾನೆಯಿಂದ ಯಾವ ರೂಪದಲ್ಲಿ ಹೊರಟಿತು ಎಂಬುದಕ್ಕೆ ಪ್ರಮಾಣಪತ್ರ ನೀಡುತ್ತದೆ.

ಹಾಗಾದರೆ ಬ್ರಿಟಿಷ್ ಪುಸ್ತಕವನ್ನೇ ತರಿಸಿಕೊಂಡರಾಯಿತಲ್ಲ ಎನ್ನುವಂತಿಲ್ಲ. ಅಂಬಾಸಿಡರ್‌ನ ಮೂಲ ಮಾರಿಸ್ ಆಕ್ಸ್‌ಫರ್ಡ್ ಸರಣಿ 3 ಎಂಬುದು ನಿಜ. ಆದರೆ ಉತ್ತರಪಾಡಾದಲ್ಲಿ ಅದು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬದಲಾಗುತ್ತ ಬಂತು. ಡೀಸೆಲ್ ಎಂಜಿನ್ ಬಂತು. 1990ರ ದಶಕದಲ್ಲಿ ಜಪಾನಿನ ಇಸುಜು ಎಂಜಿನ್ ಬಂತು. ಹೊರಗಿನಿಂದ ಒಂದೇ ರೀತಿ ಕಾಣುವ ಕಾರು ಒಳಗೆ ಬೇರೆಯೇ. ಆ ಬದಲಾವಣೆಗಳ ಲೆಕ್ಕ ಬ್ರಿಟನ್ನಿನಲ್ಲಿ ಸಿಗದು. ಅದು ಇಲ್ಲಿಯೇ ಮುದ್ರಣವಾದ ಹಾಳೆಗಳಲ್ಲಿದೆ.

ಸ್ವಚ್ಛ ಮಾಡುವಾಗ ಸತ್ಯ ಅಳಿಸಬಾರದು

ಸ್ಕ್ಯಾನ್ ಮಾಡಿ ಪಿಡಿಎಫ್ ಮಾಡುವುದಕ್ಕೆ ಏನು ಮಹಾ ಎಂದು ತೋರಬಹುದು. ಮೊಬೈಲಿನಲ್ಲಿ ಫೋಟೊ ತೆಗೆದು ವಾಟ್ಸಾಪಿನಲ್ಲಿ ಕಳಿಸಿದರೆ ಮುಗಿಯಿತಲ್ಲ? ಹಾಗೆ ಕಳಿಸಿದ ಚಿತ್ರವನ್ನು ವಾಟ್ಸಾಪ್ ಕುಗ್ಗಿಸುತ್ತದೆ. ಅದನ್ನು ಮತ್ತೊಬ್ಬ ಮುದ್ರಿಸಿ ಮತ್ತೆ ಫೋಟೊ ತೆಗೆಯುತ್ತಾನೆ. ನಾಲ್ಕನೆಯ ಪ್ರತಿಗೆ ಬರುವಷ್ಟರಲ್ಲಿ 6 ಯಾವುದು, 8 ಯಾವುದು ಎಂದು ಹೇಳಲಾಗದು.

ಅಂಕಿ ತಪ್ಪಿದರೆ ಏನಾಗುತ್ತದೆ? ಬೋಲ್ಟನ್ನು ಎಷ್ಟು ಬಲದಲ್ಲಿ ಬಿಗಿಯಬೇಕು ಎಂಬುದನ್ನು ಹಳೆಯ ಬ್ರಿಟಿಷ್ ಪುಸ್ತಕಗಳು ಪೌಂಡ್-ಅಡಿಗಳಲ್ಲಿ ಹೇಳುತ್ತವೆ. 40 ಪೌಂಡ್-ಅಡಿ ಎಂದರೆ ಇಂದಿನ ಲೆಕ್ಕದಲ್ಲಿ ಸುಮಾರು 54 ನ್ಯೂಟನ್ ಮೀಟರ್. 40 ಎಂಬುದು ಮಸುಕಾಗಿ 10 ಎಂದು ಕಂಡರೆ ಬೋಲ್ಟು ಸಡಿಲವಾಗಿಯೇ ಉಳಿಯುತ್ತದೆ. 90 ಎಂದು ಕಂಡರೆ ತುಂಡಾಗುತ್ತದೆ. ಅದು ಚಕ್ರದ್ದೋ ಬ್ರೇಕಿನದೋ ಆಗಿದ್ದರೆ ಪರಿಣಾಮ ಅರಬೈಲಿನ ತಿರುವಿನಲ್ಲಿ ಗೊತ್ತಾಗುತ್ತದೆ. ಅಳತೆಯ ತೊಡಕು ಸ್ಪ್ಯಾನರಿನಲ್ಲೂ ಇದೆ. ಅರ್ಧ ಇಂಚು ಎಂದರೆ 12.7 ಮಿ.ಮೀ. ಆ ಬೋಲ್ಟಿಗೆ 13 ಮಿ.ಮೀ. ಸ್ಪ್ಯಾನರ್ ಹಾಕಿದರೆ ಕೂತಂತೆ ಕಾಣುತ್ತದೆ, ಬಲ ಬಿದ್ದಾಗ ಜಾರಿ ಬೋಲ್ಟಿನ ಮೂಲೆಗಳನ್ನು ಸವೆಸುತ್ತದೆ.

ವಿದ್ಯುತ್ ನಕ್ಷೆಯದು ಬೇರೆಯೇ ಕಥೆ. ಲೂಕಾಸ್ ಪದ್ಧತಿಯ ಬ್ರಿಟಿಷ್ ನಕ್ಷೆಗಳಲ್ಲಿ ವೈರಿನ ಬಣ್ಣವನ್ನು ಇಂಗ್ಲಿಷ್ ಅಕ್ಷರದಿಂದ ಸೂಚಿಸುತ್ತಾರೆ. ಬಿ ಎಂದರೆ ಕಪ್ಪು, ಎನ್ ಎಂದರೆ ಕಂದು, ಯು ಎಂದರೆ ನೀಲಿ. ಕಪ್ಪು ಅರ್ತಿಂಗ್, ಕಂದು ಬ್ಯಾಟರಿಯಿಂದ ನೇರವಾಗಿ ಬರುವ, ಫ್ಯೂಸ್ ಇಲ್ಲದ ಮುಖ್ಯ ತಂತಿ. ಇವೆರಡು ಅದಲುಬದಲಾದರೆ ಬೆಂಕಿಯೇ ಗತಿ. ಸಾಲದ್ದಕ್ಕೆ ಆ ಕಾಲದ ಅನೇಕ ಬ್ರಿಟಿಷ್ ಗಾಡಿಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿಯನ್ನು ಬಾಡಿಗೆ ಜೋಡಿಸುತ್ತಿದ್ದರು. ಇಂದಿನ ಕ್ರಮ ಇದಕ್ಕೆ ವಿರುದ್ಧ. ಪುಸ್ತಕ ನೋಡದೆ ಬ್ಯಾಟರಿ ಜೋಡಿಸಿದವನು ಡೈನಮೋ ಸುಟ್ಟ ಮೇಲೆ ತಲೆಯ ಮೇಲೆ ಕೈ ಹೊತ್ತು ಕೂರಬೇಕಾಗುತ್ತದೆ.

ಯಂತ್ರವೇ ಅಂಕಿ ತಿದ್ದೀತೇ ಎಂದು ಅನುಮಾನಿಸುವವರು 2013ರ ಒಂದು ಪ್ರಸಂಗವನ್ನು ನೆನಪಿಸಿಕೊಳ್ಳಬೇಕು. ಜರ್ಮನಿಯ ಗಣಕ ವಿಜ್ಞಾನಿ ಡೇವಿಡ್ ಕ್ರೀಸೆಲ್ ಕಟ್ಟಡವೊಂದರ ನಕ್ಷೆಯನ್ನು ಜೆರಾಕ್ಸ್ ಕಂಪನಿಯ ಯಂತ್ರದಲ್ಲಿ ಸ್ಕ್ಯಾನ್ ಮಾಡಿದಾಗ, ಬೇರೆ ಬೇರೆ ಅಳತೆಯ ಕೋಣೆಗಳ ಮೇಲೆ ಒಂದೇ ಅಳತೆ ಮೂಡಿತ್ತು. ಕಡತದ ಗಾತ್ರ ಕುಗ್ಗಿಸುವ ತಂತ್ರವು ಒಂದೇ ರೀತಿ ಕಾಣುವ ಅಂಕಿಗಳನ್ನು ಒಂದೇ ಎಂದು ಭಾವಿಸಿ ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸಿತ್ತು. ಚಿತ್ರ ಮಸುಕಾಗಿರಲಿಲ್ಲ, ಸ್ಪಷ್ಟವಾಗಿಯೇ ಸುಳ್ಳು ಹೇಳುತ್ತಿತ್ತು. ಕಂಪನಿ ಬಳಿಕ ತಂತ್ರಾಂಶವನ್ನು ಸರಿಪಡಿಸಿತು. ಇಂದು ಕೃತಕ ಬುದ್ಧಿಮತ್ತೆಯ ಸಾಧನಗಳು ಹಾಳಾದ ಹಾಳೆಯನ್ನು ಕ್ಷಣದಲ್ಲಿ ಹೊಸದರಂತೆ ಮಾಡಿಕೊಡುತ್ತವೆ. ಅವು ಅಳಿಸಿದ್ದನ್ನು ಓದುವುದಿಲ್ಲ, ಊಹಿಸುತ್ತವೆ ಎಂಬುದನ್ನು ಮರೆಯಬಾರದು.

ಆದ್ದರಿಂದ ಈ ಕೆಲಸಕ್ಕೆ ಒಂದು ಶಿಸ್ತು ಬೇಕು. ರೇಖಾಚಿತ್ರಗಳಿರುವ ಹಾಳೆಗಳನ್ನು ಇಂಚಿಗೆ 600 ಚುಕ್ಕೆಗಳ ಸಾಂದ್ರತೆಯಲ್ಲಿ, ಬಣ್ಣದಲ್ಲಿಯೇ ಸ್ಕ್ಯಾನ್ ಮಾಡಬೇಕು. ಏನನ್ನೂ ಕುಗ್ಗಿಸದ ಮೂಲ ಪ್ರತಿಯನ್ನು ಮುಟ್ಟದೆ ಬೇರೆಯಾಗಿ ಇಡಬೇಕು. ಓರೆ ನೇರ್ಪಡಿಸುವುದು, ಕಲೆ ತೆಗೆಯುವುದು, ಹಿಂಬದಿಯ ಮಸಿಯ ನೆರಳು ಅಳಿಸುವುದು ಇವೆಲ್ಲ ಅದರ ನಕಲಿನ ಮೇಲೆ ಮಾತ್ರ ನಡೆಯಬೇಕು. ಮಡಚಿದ ದೊಡ್ಡ ನಕ್ಷೆಗಳನ್ನು ತುಂಡು ತುಂಡಾಗಿ, ಅಂಚುಗಳು ಒಂದರ ಮೇಲೊಂದು ಬರುವಂತೆ ಚಿತ್ರಿಸಿ ಹೊಂದಿಸಬೇಕು. ಅಂಕಿಗಳನ್ನು ಇಬ್ಬರು ಬೇರೆ ಬೇರೆಯಾಗಿ ಓದಿ ತಾಳೆ ನೋಡಬೇಕು. ಓದಲಾಗದ್ದನ್ನು 'ಓದಲಾಗುತ್ತಿಲ್ಲ' ಎಂದೇ ಬರೆಯಬೇಕು. ಮುದ್ರಣದ ವರ್ಷ, ಪುಸ್ತಕ ಅನ್ವಯಿಸುವ ಎಂಜಿನ್ ಸಂಖ್ಯೆಗಳು, ಕಾಣೆಯಾದ ಪುಟಗಳು ಯಾವುವು ಎಂಬ ವಿವರ ಮೊದಲ ಪುಟದಲ್ಲಿಯೇ ಇರಬೇಕು. ಪುಸ್ತಕ ಅಂದವಾಗಿರುವುದು ಎರಡನೆಯ ಮಾತು. ನಂಬುವಂತಿರುವುದು ಮೊದಲ ಮಾತು.

ಕಾನೂನು ಏನೆನ್ನುತ್ತದೆ?

ಹಂಚುವ ಮಾತು ಬಂದಾಗ ಕೃತಿಸ್ವಾಮ್ಯ ಅಡ್ಡ ಬರುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ನೌಕರ ತನ್ನ ಕೆಲಸದ ಭಾಗವಾಗಿ ಬರೆದದ್ದರ ಮೊದಲ ಒಡೆಯ ಸಾಮಾನ್ಯವಾಗಿ ಕಂಪನಿಯೇ. ಲೇಖಕರ ಹೆಸರಿಲ್ಲದೆ ಪ್ರಕಟವಾದ ಕೃತಿಗೆ, ಲೇಖಕರ ಗುರುತು ನಂತರವೂ ಬಹಿರಂಗವಾಗದಿದ್ದರೆ, ಪ್ರಕಟಣೆಯ ಮರುವರ್ಷದ ಆರಂಭದಿಂದ 60 ವರ್ಷಗಳ ರಕ್ಷಣೆ ಇದೆ. ಈ ಲೆಕ್ಕದಲ್ಲಿ 1964ರಲ್ಲಿ ಹೊರಬಂದ ಇಂತಹ ಕೈಪಿಡಿ 2024ರ ಅಂತ್ಯಕ್ಕೆ ಸಾರ್ವಜನಿಕರ ಸ್ವತ್ತಾಯಿತು. 1980ರಲ್ಲಿ ಹೊರಬಂದದ್ದು 2040ರ ಅಂತ್ಯದವರೆಗೆ ಕಾಯಬೇಕು. ಹಳೆಯ ಪೆಟ್ರೋಲ್ ಕಾರಿನ ಪುಸ್ತಕ ಮುಕ್ತ, ನಂತರದ ಡೀಸೆಲ್ ಕಾರಿನ ಪುಸ್ತಕ ಬಂಧಿ! ಅಷ್ಟರವರೆಗೆ ಆ ಕಾಗದ ಉಳಿದಿರುತ್ತದೆಯೇ ಎಂಬುದನ್ನು ಕಾನೂನು ಕೇಳುವುದಿಲ್ಲ.

ಆದರೂ ಕಾನೂನು ಪೂರ್ತಿ ಕುರುಡಲ್ಲ. 2012ರಲ್ಲಿ ತಿದ್ದುಪಡಿಯಾದ 52ನೆಯ ಕಲಮು ಒಂದು ಕಿಂಡಿಯನ್ನು ತೆರೆದಿದೆ. ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯವು ತನ್ನಲ್ಲಿ ಈಗಾಗಲೇ ಇರುವ ಕಾಗದದ ಪ್ರತಿಯನ್ನು ಸಂರಕ್ಷಣೆಗಾಗಿ ಡಿಜಿಟಲ್ ರೂಪದಲ್ಲಿ ಶೇಖರಿಸಿಟ್ಟರೆ ಅದು ಕೃತಿಸ್ವಾಮ್ಯದ ಉಲ್ಲಂಘನೆಯಲ್ಲ. ಭಾರತದಲ್ಲಿ ಮಾರಾಟಕ್ಕೆ ಸಿಗದ ಪುಸ್ತಕವಾದರೆ ಗ್ರಂಥಾಲಯದ ಬಳಕೆಗಾಗಿ ಮೂರು ಪ್ರತಿಗಳವರೆಗೆ ಮಾಡಿಕೊಳ್ಳಲೂ ಅವಕಾಶವಿದೆ. ಹಕ್ಕುದಾರರು ಪತ್ತೆಯಾಗದ ಕೃತಿಗೆ ಕಡ್ಡಾಯ ಪರವಾನಗಿ ಕೋರುವ ದಾರಿ 31ಎ ಕಲಮಿನಲ್ಲಿದೆ.

ತರಗತಿಯ ಬಳಕೆಗೂ ರಿಯಾಯಿತಿ ಇದೆ. ದೆಹಲಿ ವಿಶ್ವವಿದ್ಯಾಲಯದ ಝೆರಾಕ್ಸ್ ಅಂಗಡಿಯ ವಿರುದ್ಧ ಪ್ರಕಾಶಕರು ಹೂಡಿದ್ದ ಮೊಕದ್ದಮೆಯಲ್ಲಿ 2016ರಲ್ಲಿ ದೆಹಲಿ ಹೈಕೋರ್ಟ್ ಪಾಠದ ಅಗತ್ಯಕ್ಕಾಗಿ ಮಾಡುವ ಪ್ರತಿಗಳ ಪರವಾಗಿ ನಿಂತಿತು. ಐಟಿಐಯ ಮೋಟಾರ್ ಮೆಕ್ಯಾನಿಕ್ ತರಗತಿಗೆ, ಪಾಲಿಟೆಕ್ನಿಕ್‌ನ ಕಾರ್ಯಾಗಾರಕ್ಕೆ ಇದು ಸಣ್ಣ ಆಸರೆಯಲ್ಲ. ಆದರೆ ಅವಧಿ ಮುಗಿಯದ ಪುಸ್ತಕವನ್ನು ಅಂತರಜಾಲದಲ್ಲಿ ಎಲ್ಲರಿಗೂ ತೆರೆದಿಡುವುದಕ್ಕೆ ಈ ಯಾವ ಕಲಮೂ ಪರವಾನಗಿ ನೀಡುವುದಿಲ್ಲ ಎಂಬುದನ್ನೂ ಹೇಳಲೇಬೇಕು.

ದುರಸ್ತಿಯ ಹಕ್ಕು

ಕೈಪಿಡಿ ಯಾರ ಸ್ವತ್ತು ಎಂಬ ಪ್ರಶ್ನೆ ಹಳೆಯ ಕಾರುಗಳಿಗಷ್ಟೇ ಸೀಮಿತವಲ್ಲ. 2014ರ ಆಗಸ್ಟ್ 25ರಂದು ಭಾರತೀಯ ಸ್ಪರ್ಧಾ ಆಯೋಗವು 14 ಕಾರು ತಯಾರಕರಿಗೆ ಒಟ್ಟು 2,500 ಕೋಟಿ ರೂಪಾಯಿಗೂ ಮಿಗಿಲಾದ ದಂಡ ವಿಧಿಸಿತು. ಬಿಡಿಭಾಗಗಳು, ದೋಷ ಹುಡುಕುವ ಸಾಧನಗಳು ಮತ್ತು ತಾಂತ್ರಿಕ ಕೈಪಿಡಿಗಳು ಖಾಸಗಿ ಗ್ಯಾರೇಜುಗಳಿಗೆ ಸಿಗದಂತೆ ನೋಡಿಕೊಂಡು ಸ್ಪರ್ಧೆಗೆ ಧಕ್ಕೆ ತಂದರು ಎಂಬುದು ಆಯೋಗದ ನಿಲುವಾಗಿತ್ತು. ಕಂಪನಿಗಳು ಮೇಲ್ಮನವಿ ಹೋದವು. 2022ರ ಜುಲೈಯಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿಯ ಹಕ್ಕಿಗಾಗಿ ಸಮಿತಿ ರಚಿಸಿತು. ವಾಹನ, ಕೃಷಿ ಯಂತ್ರ, ಮೊಬೈಲ್, ಗೃಹೋಪಕರಣಗಳನ್ನು ಅದರ ವ್ಯಾಪ್ತಿಗೆ ತಂದಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಇದಕ್ಕಾಗಿ ಪೋರ್ಟಲ್ ಒಂದನ್ನೂ ಆರಂಭಿಸಿತು.

ಇವೆಲ್ಲವೂ ಬದುಕಿರುವ ಕಂಪನಿಗಳ ಕುರಿತಾದವು. ಸತ್ತ ಕಂಪನಿಯ ಕೈಪಿಡಿಯನ್ನು ಯಾರಿಂದ ಪಡೆಯಬೇಕು ಎಂಬುದಕ್ಕೆ ಇವುಗಳಲ್ಲಿ ಉತ್ತರವಿಲ್ಲ. ತಯಾರಿಕೆ ನಿಲ್ಲಿಸುವ ದಿನವೇ ಕಂಪನಿಯು ತನ್ನ ದುರಸ್ತಿ ಮತ್ತು ಜೋಡಣಾ ಕೈಪಿಡಿಗಳ ಒಂದು ಪೂರ್ಣ ಪ್ರತಿಯನ್ನು ಸಾರ್ವಜನಿಕ ಸಂಗ್ರಹಕ್ಕೆ ಒಪ್ಪಿಸಬೇಕು ಎಂಬ ನಿಯಮವೊಂದಿದ್ದರೆ 2014ರಲ್ಲಿಯೇ ಅಂಬಾಸಿಡರ್‌ನ ಚಿಂತೆ ಮುಗಿಯುತ್ತಿತ್ತು. ಇಂದಿನ ಕಾರುಗಳಿಗಾದರೂ ಆ ನಿಯಮ ಬರದಿದ್ದರೆ ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಕಥೆ ಇನ್ನೊಮ್ಮೆ ನಡೆಯುತ್ತದೆ.

ಸಿರಿವಂತರ ಶೋಕಿಯೇ?

ಇಲ್ಲೊಂದು ಆಕ್ಷೇಪ ಸಹಜ. ಹಳೆಯ ಕಾರು ಸಾಕುವುದು ಉಳ್ಳವರ ಶೋಕಿ. ಹೊಗೆ ಕಾರುವ ಗಾಡಿಗಳನ್ನು ಉಳಿಸಲು ಸರ್ಕಾರಿ ಗ್ರಂಥಾಲಯದ ಹಣವೇಕೆ? ಆಕ್ಷೇಪದಲ್ಲಿ ಹುರುಳಿಲ್ಲ ಎನ್ನಲಾಗದು. ರಸ್ತೆಗೆ ಯೋಗ್ಯವಲ್ಲದ, ಮಿತಿ ಮೀರಿ ಹೊಗೆಯುಗುಳುವ ವಾಹನ ಗುಜರಿಗೆ ಹೋಗಲೇಬೇಕು. 2021ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಗುಜರಿ ನೀತಿಯ ಮೂಲ ಆಶಯವನ್ನು ಅಲ್ಲಗಳೆಯಬೇಕಾಗಿಲ್ಲ.

ಆದರೆ ಹಳೆಯ ಗಾಡಿ ಇಟ್ಟುಕೊಂಡವರೆಲ್ಲ ಸಿರಿವಂತರಲ್ಲ. ತಂದೆಯ ಜೀಪನ್ನು ಇಂದಿಗೂ ತೋಟಕ್ಕೆ ಬಳಸುವ ರೈತ, ಯೆಜ್ಡಿಯಲ್ಲೇ ಓಡಾಡುವ ನಿವೃತ್ತ ನೌಕರ ಶ್ರೀಮಂತ ಸಂಗ್ರಾಹಕರಲ್ಲ. ಹಣವಂತನು ವಿದೇಶದಿಂದ ಪುಸ್ತಕ ತರಿಸಿಕೊಳ್ಳಬಲ್ಲ, ನುರಿತ ಮೇಸ್ತ್ರಿಯನ್ನು ದೂರದ ನಗರದಿಂದ ಕರೆಸಬಲ್ಲ. ಕೈಪಿಡಿ ಬಚ್ಚಿಟ್ಟಷ್ಟೂ ಹಳೆಯ ಗಾಡಿ ಹಣವಂತನ ಸ್ವತ್ತಾಗುತ್ತ ಹೋಗುತ್ತದೆ. ಸರಿಯಾದ ಅಳತೆಯಲ್ಲಿ ಹೊಂದಿಸಿದ ಕಾರ್ಬ್ಯುರೇಟರ್ ಕಡಿಮೆ ಹೊಗೆ ಉಗುಳುತ್ತದೆ ಎಂಬುದನ್ನೂ ಪರಿಸರದ ಕಾಳಜಿಯುಳ್ಳವರು ಗಮನಿಸಬೇಕು.

ಇನ್ನು ಸಂರಕ್ಷಣೆಯ ಮಾತು. ಐಎನ್‌ಎಸ್ ಚಾಪಲ್ ಕ್ಷಿಪಣಿ ನೌಕೆ ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿದೆ. ನೌಕಾಪಡೆಯ ತುಪೋಲೆವ್ ವಿಮಾನವೂ ಅಲ್ಲಿಗೆ ಬಂದಿದೆ. ಧರ್ಮಸ್ಥಳದ ಮಂಜೂಷಾದಲ್ಲಿ, ಶ್ರೀರಂಗಪಟ್ಟಣ ಸಮೀಪದ ಪಯಣದಲ್ಲಿ ಹಳೆಯ ಕಾರುಗಳ ಸಾಲನ್ನೇ ಕಾಣಬಹುದು. ಯಂತ್ರದ ಒಡಲನ್ನು ಉಳಿಸಿಕೊಳ್ಳುವ ಹಂಬಲ ನಾಡಿಗಿದೆ ಎಂಬುದಕ್ಕೆ ಇವು ನಿದರ್ಶನ. ಆ ಒಡಲನ್ನು ಕಟ್ಟಿದ ವಿದ್ಯೆಯನ್ನು ಉಳಿಸಿಕೊಳ್ಳುವ ಹಂಬಲವೂ ಅದರ ಜೊತೆಗೇ ಬರಬೇಕು.

ಇಲ್ಲಿ ಏನು ಮಾಡಬಹುದು?

ದಾರಿ ತೋರಿದವರು ರಾಜ್ಯದಲ್ಲಿಯೇ ಇದ್ದಾರೆ. ಬೆಂಗಳೂರಿನಲ್ಲಿ 'ಸರ್ವೆಂಟ್ಸ್ ಆಫ್ ನಾಲೆಜ್' ಎಂಬ ಸ್ವಯಂಸೇವಕರ ಪ್ರಯತ್ನವು ಕನ್ನಡವೂ ಸೇರಿದಂತೆ ಅಪಾರ ಸಂಖ್ಯೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಇಂಟರ್‌ನೆಟ್ ಆರ್ಕೈವ್‌ಗೆ ಸೇರಿಸುತ್ತ ಬಂದಿದೆ. ಪುಸ್ತಕದ ಬೆನ್ನು ಮುರಿಯದೆ, ತೊಟ್ಟಿಲಿನಂತಹ ಪೀಠದ ಮೇಲೆ ಅರೆ ತೆರೆದಿಟ್ಟು ಚಿತ್ರ ತೆಗೆಯುವ ಕ್ರಮ ಅವರಿಗೆ ಕರಗತ. ತಾಂತ್ರಿಕ ದಾಖಲೆ ಜನರ ಕೈಗೆ ಸಿಗಬೇಕೆಂಬ ವಾದವೂ ಹೊಸದಲ್ಲ. ಒಂದು ಕಾಲದಲ್ಲಿ ಹಣ ಕೊಟ್ಟು ಕೊಳ್ಳಬೇಕಿದ್ದ ಭಾರತೀಯ ಮಾನಕಗಳನ್ನು, ಕಾರ್ಲ್ ಮಲಮುದ್ ಮೊದಲಾದವರ ದೀರ್ಘ ಹೋರಾಟದ ನಂತರ, ಮಾನಕ ಬ್ಯೂರೋ ತಾನೇ ಉಚಿತವಾಗಿ ಒದಗಿಸುತ್ತಿದೆ.

ಕಾರವಾರದಲ್ಲಿ ಜಿಲ್ಲಾ ಕೇಂದ್ರ ಗ್ರಂಥಾಲಯವಿದೆ, ಸರ್ಕಾರಿ ಪಾಲಿಟೆಕ್ನಿಕ್ ಇದೆ, ಮಾಜಾಳಿಯಲ್ಲಿ 2007ರಲ್ಲಿ ಆರಂಭವಾದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ. ಅಂಕೋಲಾ ಇಲ್ಲಿಂದ ಸುಮಾರು 35 ಕಿ.ಮೀ. ಗ್ರಂಥಾಲಯವು ಹಳೆಯ ಕೈಪಿಡಿಗಳನ್ನು ದಾನವಾಗಿ ಸ್ವೀಕರಿಸುವ ಪ್ರಕಟಣೆ ಹೊರಡಿಸಿದರೆ ಮೊದಲ ಹೆಜ್ಜೆ ಇಟ್ಟಂತೆ. ಕಾಗದದ ಪ್ರತಿ ಗ್ರಂಥಾಲಯದ ಸ್ವತ್ತಾದ ಕ್ಷಣದಿಂದ 52ನೆಯ ಕಲಮಿನ ರಕ್ಷಣೆ ದೊರೆಯುತ್ತದೆ. ಸ್ಕ್ಯಾನಿಂಗ್ ಮತ್ತು ಅಂಕಿ ತಾಳೆ ನೋಡುವ ಕೆಲಸ ಮೆಕ್ಯಾನಿಕಲ್ ವಿದ್ಯಾರ್ಥಿಗಳಿಗೆ ಒಳ್ಳೆಯ ಅಭ್ಯಾಸ. ಅವಧಿ ಮುಗಿದ ಪುಸ್ತಕಗಳನ್ನು ಎಲ್ಲರಿಗೂ ತೆರೆದಿಡಬಹುದು. ಉಳಿದವನ್ನು ಗ್ರಂಥಾಲಯದ ಮೇಜಿನಲ್ಲಿ ಓದಲು ಕೊಡಬಹುದು.

ಇದಕ್ಕೆ ಸೇರಿಸಬೇಕಾದ ಇನ್ನೊಂದು ಕೆಲಸವಿದೆ. ಅದನ್ನು ಇಲ್ಲಿಯವರಲ್ಲದೆ ಬೇರೆಯವರು ಮಾಡಲಾರರು. ಈ ಪುಸ್ತಕಗಳೆಲ್ಲ ಇಂಗ್ಲಿಷಿನಲ್ಲಿವೆ. ಅದರಲ್ಲೂ ಜೀಪಿನದು ಅಮೆರಿಕದ ಇಂಗ್ಲಿಷ್, ಅಂಬಾಸಿಡರ್‌ನದು ಬ್ರಿಟಿಷ್ ಇಂಗ್ಲಿಷ್. ಒಂದರಲ್ಲಿ ಬಾನೆಟ್ ಆದದ್ದು ಇನ್ನೊಂದರಲ್ಲಿ ಹುಡ್. ಒಂದರಲ್ಲಿ ಸೈಲೆನ್ಸರ್ ಆದದ್ದು ಇನ್ನೊಂದರಲ್ಲಿ ಮಫ್ಲರ್. ನಮ್ಮ ಗ್ಯಾರೇಜಿನ ಮಾತೇ ಬೇರೆ. ಸ್ಟಾರ್ಟರ್ ಮೋಟಾರ್ ಇಲ್ಲಿ 'ಸೆಲ್ಫ್', ಹಿಂದಿನ ಬೂಟ್ 'ಡಿಕ್ಕಿ'. ಕನ್ನಡ, ಕೊಂಕಣಿ, ಹಿಂದಿ ಬೆರೆತ ಈ ಮಾತನ್ನು ಕೈಪಿಡಿಯ ಪದದ ಎದುರಿಗೆ ಬರೆದಿಟ್ಟ ನಾಲ್ಕು ಪುಟಗಳ ಪದಪಟ್ಟಿ ಇದ್ದರೆ ಇಂಗ್ಲಿಷ್ ಬಾರದ ಹುಡುಗನೂ ರೇಖಾಚಿತ್ರ ನೋಡಿ ಕೆಲಸ ಮುಗಿಸುತ್ತಾನೆ. ಇದನ್ನು ಬರೆಸಬಲ್ಲ ಹಿರಿಯ ಮೇಸ್ತ್ರಿಗಳು ಇನ್ನೂ ನಮ್ಮ ನಡುವೆ ಇದ್ದಾರೆ. ಇನ್ನು ಹತ್ತು ವರ್ಷದ ನಂತರವೂ ಇದೇ ಮಾತನ್ನು ಹೇಳಲಾಗದು.

ಹಳೆಯ ಗಾಡಿ ಇಟ್ಟುಕೊಳ್ಳುವವರಿಂದ ಸರ್ಕಾರ ಹೆಚ್ಚಿನ ಶುಲ್ಕ ಕೇಳುತ್ತಿದೆ, ಮೂಲ ರೂಪದ ಪುರಾವೆ ಕೇಳುತ್ತಿದೆ. ಕೇಳುವುದು ತಪ್ಪಲ್ಲ. ಪುರಾವೆ ಸಿಗುವ ದಾರಿಯನ್ನೂ ತೋರಿಸುವುದು ಅದರ ಹೊಣೆ. ಆ ದಾರಿ ಗ್ರಂಥಾಲಯದ ಮೂಲಕ ಹಾದುಹೋಗುತ್ತದೆ. ಅದಕ್ಕೆ ಬೇಕಾದ ಕಾನೂನು ಈಗಾಗಲೇ ಪುಸ್ತಕದಲ್ಲಿದೆ. ಮುಂದಿನ ಮಳೆಗಾಲಕ್ಕೆ ಮುನ್ನ ಕೆಲವು ಅಟ್ಟಗಳ ಮೇಲಿನ ಧೂಳನ್ನು ಕೊಡವಿ ನೋಡುವುದಷ್ಟೇ ಬಾಕಿ.